ಆಳುದೀಪ

ರಾಸ್ತಾ ಪೇಠೆ, ಮೂರನೇ ಮಾಳಿಗೆ, ಕಂಪ್ಲೇಂಟ್ ನಂಬರ್ ಹದಿನೇಳು.
ಬಿಲ್ಲಿನ ಮೇಲಿನ ಹೆಸರು: ಅಷ್ಟಮಕರ್, ಮಿಲ್ಕಾ ಹನೋಖ್.
ಮಿಕ್ಸರು ಗೀಜರು ಒಮ್ಮೆಗೇ ಹಾಕಿ ಫ್ಯೂಸು ಸುಟ್ಟುಕೊಂಡಿದ್ದಾರೆ.
ಮೆಟ್ಟಿಲ ಮೇಲೆ ನನ್ನ ಟಾರ್ಚು ಸತ್ತಿತು,
ಎಣ್ಣೆ ಬಂದಾಗ ಕಣ್ಣು ಮುಚ್ಚುವ ಜಾತಿಯದು.

ಇವತ್ತು ಎಳ್ಳಮವಾಸಿ. ಇಂಡಿಯಲ್ಲಿ ನಮ್ಮವರೆಲ್ಲ
ಹೊಲದಲ್ಲಿ ಚರಗ ಚೆಲ್ಲಿ ಉಂಡು ಬಂದಿರಬೇಕು. ನನಗೆ ರಜೆ ಇಲ್ಲ.

ಬೆಲ್ಲೆಂದು ಕತ್ತಲಲ್ಲಿ ಒತ್ತಿದ್ದು
ಚೌಕಟ್ಟಿಗೆ ಓರೆಯಾಗಿ ಬಡಿದ ಒಂದು ಪುಟ್ಟ ಡಬ್ಬಿ.
ಕದ ತೆರೆದೇ ಇತ್ತು. ಕಿಟಕಿಯ ದಂಡೆಯಲ್ಲಿ
ಹಿತ್ತಾಳೆಯ ಸಾಲು: ಆರು ಬಟ್ಟಲಲ್ಲಿ ಬತ್ತಿ, ಎರಡು ಇನ್ನೂ ಖಾಲಿ,
ಪಕ್ಕಕ್ಕೆ, ಒಂದು ಗೇಣು ಎತ್ತರದಲ್ಲಿ, ಒಂಟಿಯಾಗಿ ಇನ್ನೊಂದು.

ಸುಟ್ಟ ಫ್ಯೂಸನ್ನು ಆ ಆರರ ಹತ್ತಿರ ಹಿಡಿದೆ.
'ಆ ಬೆಳಕು ಬೇಡ,' ಎಂದರು ಮಿಲ್ಕಾಬಾಯಿ,
ಸಸೂನ್ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ರಾತ್ರಿಪಾಳಿ ಮಾಡಿದ ದನಿ.
'ಅದರಲ್ಲಿ ಸೂಜಿಗೆ ದಾರ ಏರಿಸೋ ಹಾಗಿಲ್ಲ,
ದುಡ್ಡು ಎಣಿಸೋ ಹಾಗಿಲ್ಲ. ಸುಮ್ಮನೆ ನೋಡಬೇಕು.
ಕೆಲಸಕ್ಕೆ ಆ ಎತ್ತರದವನಿದ್ದಾನೆ. ಶಮ್ಮಾಶ್. ಆಳು.
ಆರನ್ನೂ ಹೊತ್ತಿಸಿದವನು ಅವನೇ,
ಲೆಕ್ಕದಲ್ಲಿ ಮಾತ್ರ ಬರೋದಿಲ್ಲ.'
'ಅಂದರೆ ನಾನು,' ಅಂದೆ. ನಕ್ಕರು.

ಆಳಿನ ಬೆಳಕಲ್ಲಿ ಆಳು ತಂತಿ ಸುತ್ತುವಾಗ
ಕಥೆ ಹೇಳಿದಳು ತಂಗಿಯ ಮೊಮ್ಮಗಳು ಸಿಪೋರಾ,
ಅರ್ಧ ರುಬ್ಬಿದ ತೆಂಗಿನಕಾಯಿಯ ಜಾರು ಹಿಡಿದೇ:
ಯಾವನೋ ರಾಜ, ಅವರ ಗುಡಿಯಲ್ಲಿ ತನ್ನ ದೇವರನ್ನು ತಂದಿಟ್ಟ.
ಗುಡ್ಡ ಹಿಡಿದ ಅಣ್ಣತಮ್ಮಂದಿರು ಗೆದ್ದು ಬಂದು ನೆಲ ತೊಳೆದರು.
ಸಿಕ್ಕಿದ್ದು ಮುದ್ರೆ ಒಡೆಯದ ಒಂದೇ ಗಿಂಡಿ ಎಣ್ಣೆ,
ಒಂದು ದಿನಕ್ಕಾಗುವಷ್ಟು. ಎಂಟು ದಿನ ಉರಿಯಿತು.

'ಮೊದಲ ದಿನ ಹೇಗೂ ಉರಿಯುತ್ತಿತ್ತಲ್ಲ, ಪವಾಡ ಏಳೇ ತಾನೆ?'
ಯೂನಿಟ್ಟು ಎಣಿಸುವ ಆಫೀಸಿನವನ ಬುದ್ಧಿ.
ಮಿಲ್ಕಾಬಾಯಿ ಬೇರೇನೋ ಹೇಳಿದರು:

'ನಮ್ಮವರಿಗೆ ಈ ಹಬ್ಬವೇ ಗೊತ್ತಿರಲಿಲ್ಲ, ಬಾಳಾ.
ಆ ಗೆಲುವಿಗೆ ಮೊದಲೇ ಹಡಗೇರಿದ್ದರಂತೆ.
ನವಗಾಂವದ ಹತ್ತಿರ ಹಡಗು ಒಡೆದು
ಏಳು ಗಂಡು ಏಳು ಹೆಣ್ಣು ದಡ ಸೇರಿ, ಗಾಣ ಹೂಡಿದರು.
ಶನಿವಾರ ಎತ್ತು ಕಟ್ಟದ್ದಕ್ಕೆ ಊರಿಟ್ಟ ಹೆಸರು ಶನಿವಾರ ತೇಲಿ.
ತಲೆತಲಾಂತರ ಊರಿನ ದೀಪಕ್ಕೆಲ್ಲ ಎಣ್ಣೆ ಅಳೆದರು,
ಎಣ್ಣೆಗೊಂದು ಹಬ್ಬವಿದೆಯೆಂದು ಯಾರೂ ಹೇಳಲಿಲ್ಲ.'

ತಂತಿ ಕೈಯಲ್ಲೇ ನಿಂತಿತು.
ನಮ್ಮಜ್ಜ ಗಾಣಿಗರ ಈರಸಂಗಪ್ಪ.
ನಮ್ಮ ಎತ್ತಿಗೆ ಸೋಮವಾರ ನೊಗವಿಲ್ಲ, ಇವರದಕ್ಕೆ ಶನಿವಾರ.
ನಡುವಿನ ಭಾನುವಾರ ಎರಡೂ ಸುತ್ತಿರಬೇಕು,
ಒಂದು ಕಡಲಂಚಿನಲ್ಲಿ, ಒಂದು ಕರಿಮಣ್ಣಿನಲ್ಲಿ,
ಎಲ್ಲಿಗೂ ಹೋಗದೆ, ಅದೇ ಎಳ್ಳಿನ ಸುತ್ತ.

ಅಜ್ಜ ಅನ್ನುತ್ತಿದ್ದ: ಒಮ್ಮೆ ಎಣ್ಣೆ ಉಂಡ ಗಡಿಗೆಗೆ
ಬರಿದಾಗೋದು ಬರೋದಿಲ್ಲ ನೋಡು.
ಬೋರಲು ಹಾಕು, ಬೂದಿ ಹಚ್ಚಿ ತಿಕ್ಕು, ಬಿಸಿಲಿಗಿಡು,
ಮಧ್ಯಾಹ್ನಕ್ಕೆ ಒಳಗಿಂದ ಬೆವರುತ್ತದೆ.

ಹರಕು ಮರಾಠಿಯಲ್ಲಿ ಇದನ್ನು ಹೇಳಿದೆ.
ಬಹಳ ಹೊತ್ತಿನ ಮೇಲೆ, 'ಹಾಗಾದರೆ ಅದು ಪವಾಡವೇ ಅಲ್ಲ ಅನ್ನು.'
'ಗಾಣಿಗರಿಗೆ ಅಲ್ಲ,' ಅಂದೆ.

ಫ್ಯೂಸು ಕೂಡಿಸಿದೆ. ಮಿಕ್ಸರು
ನಿಂತ ಮಾತನ್ನು ಅಲ್ಲಿಂದಲೇ ಮುಂದುವರಿಸಿತು.
ಟ್ಯೂಬ್‌ಲೈಟಿನ ಬಿಳುಪಿಗೆ ಆರೂ ಬತ್ತಿ ಸಪ್ಪಗಾದವು.
'ಟ್ಯೂಬ್ ಆರಿಸು, ಸಿಪೋರಾ.'
'ಇವನ್ನು ಆರಿಸೋದು ಯಾವಾಗ?' ಕೇಳಿದೆ.
'ಇವನ್ನು ಆರಿಸೋದಿಲ್ಲ. ತಾವೇ ಮುಗಿಯಬೇಕು.'
ನಮ್ಮವ್ವನ ಬಾಯಲ್ಲೂ ದೀಪ ಆರುವುದಿಲ್ಲ,
ದೊಡ್ಡದಾಗುತ್ತದೆ.

ಕಾಗದದಲ್ಲಿ ನಾಲ್ಕು ಕರಂಜಿ ಕಟ್ಟಿಕೊಟ್ಟರು.
ಬೀದಿಗಿಳಿಯುವಷ್ಟರಲ್ಲಿ ಎಣ್ಣೆ ಜಿನುಗಿ
ಕಂಪ್ಲೇಂಟ್ ಬುಕ್ಕಿನಲ್ಲಿ ಅಂಗೈಯಗಲ ಹರಡಿತ್ತು.
ಹದಿನೇಳರ ಮುಂದೆ 'ಸರಿಪಡಿಸಿದೆ' ಎಂದು ಬರೆಯಬೇಕು.
ಪೆನ್ನು ಜಾರುತ್ತಿದೆ. ಹಾಳೆಯ ಆಚೆ ಬದಿಯ ಹದಿನೆಂಟು
ಇಲ್ಲಿಂದಲೇ ಕಾಣುತ್ತಿದೆ.